ಮುಂದಿನ ಗಾಲಿ

ಎಪ್ಪತ್ತರ ದಶಕದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಾತ ಗಿರಣಿಯೊಂದರ ತಂಡಕ್ಕೆ ಸಂಬಳದ ಮೇಲೆ ಸೈಕಲ್ ರೇಸಿಗೆ ಇಳಿಯುತ್ತಿದ್ದ. ಘಾಟಿ ಹತ್ತುವುದರಲ್ಲಿ ಎತ್ತಿದ ಕೈ. ಗುಡ್ಡವೇ ಇಲ್ಲದ ದಾವಣಗೆರೆಯಲ್ಲಿ ಅದನ್ನು ಕಲಿತದ್ದು ಹೇಗೆ? ಆಳೆತ್ತರದ ಮಂಡಕ್ಕಿ ಚೀಲವನ್ನು ಹಿಂದೆ ಅಡ್ಡ ಕಟ್ಟಿಕೊಂಡು, ಎದುರುಗಾಳಿಯಲ್ಲಿ ಹರಿಹರದವರೆಗೆ ತುಳಿಯುತ್ತಿದ್ದ. ಮಂಡಕ್ಕಿ ಹಗುರ, ಆದರೆ ಗಾಳಿ ಆ ಚೀಲವನ್ನು ಹಿಡಿದು ಜಗ್ಗುತ್ತಿತ್ತು; ಅದೇ ಆತನ ಘಾಟಿ. ದಾರಿಯಲ್ಲಿ ಯಾರಾದರೂ "ಚಾ ಕುಡಿದು ಹೋಗ್ರಿ" ಎಂದರೆ, "ಬ್ಯಾಡ್ರಿ, ಇನ್ನೂ ಹತ್ತೋದೈತೆ" ಎನ್ನುತ್ತಿದ್ದ.

ಒಂದು ವರ್ಷದ ಘಾಟಿ ರೇಸಿನಲ್ಲಿ ಆತನೇ ಎಲ್ಲರಿಗಿಂತ ಮುಂದಿದ್ದ. ಹಿಂದೆ ತಂಡದ ನಾಯಕನ, ಅಂದರೆ ಗಿರಣಿ ಮ್ಯಾನೇಜರನ ಅಳಿಯನ, ಮುಂದಿನ ಗಾಲಿ ಮುರಿಯಿತು. ಮ್ಯಾನೇಜರ್ ಜೀಪಿನಲ್ಲಿ ಬಂದು, ರೇಸ್ ನೋಡಲು ಘಾಟಿಯಲ್ಲಿ ನಿಂತಿದ್ದ ನಮ್ಮೆಲ್ಲರ ಕಣ್ಣೆದುರೇ ಈತನ ಗಾಲಿ ಬಿಚ್ಚಿಸಿಕೊಂಡು ಹೋದ. ನಾಯಕನಿಗೆ ಗಾಲಿ ಕೊಡುವುದು ತಂಡದ ರಿವಾಜು. ಆತ ತಾನೇ ಬಿಚ್ಚಿಕೊಟ್ಟು ಘಾಟಿಯಲ್ಲೇ ಉಳಿದ. ಅಳಿಯ ಗೆದ್ದ.

ಸನ್ಮಾನದ ವೇದಿಕೆಯಲ್ಲಿ ಗೆದ್ದ ಸೈಕಲ್ಲಿಗೂ ಹಾರ ಹಾಕಿದ್ದರು. ಮ್ಯಾನೇಜರ್ ಮೈಕಿನಲ್ಲಿ, "ನಮ್ಮವನೊಬ್ಬ ದಮ್ಮಿಲ್ದೆ ಘಾಟಿಯಾಗೇ ಕೂತ. ಅಳಿಯಂದ್ರು ಮಾನ ಉಳಿಸಿದ್ರು" ಅಂದ. ನನ್ನ ಮೈ ಉರಿದುಹೋಯಿತು. ನಾಲಿಗೆಗೆ ಎಲುಬಿಲ್ಲ ಅಂತ ಇಷ್ಟು ಸುಳ್ಳೇ? ಕಣ್ಣಾರೆ ಕಂಡವರೂ ಚಪ್ಪಾಳೆ ತಟ್ಟಿದರಲ್ಲ!

ನಮ್ಮ ಪಕ್ಕದ ಮನೆಯಾತ ಎದ್ದು ವೇದಿಕೆ ಹತ್ತಿದ. ಜೇಬಿನಿಂದ ನಟ್ಟು ಬಿಚ್ಚುವ ಪಾನಾ ತೆಗೆದು ಆ ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿದ. ಹಾರದ ಸಮೇತ ಸೈಕಲ್ ಮುಗ್ಗರಿಸಿ ಬಿತ್ತು.

"ಏನ್ ಮಾಡ್ತಿದ್ದೀಯೋ?" ಮ್ಯಾನೇಜರ್ ಕೂಗಿದ.

"ನನ್ನ ಗಾಲಿ ಒಯ್ತೀನ್ರಿ." ಆತ ಅದನ್ನು ಹೆಗಲಿಗೇರಿಸಿದ. "ಇನ್ನೂ ಹತ್ತೋದೈತೆ."