ಬೆಳಗಿನ ಸೂಜಿ, ಗುರುವಾರದ ಉಪವಾಸ

ಆ ದಿನ ಅಕ್ಕಲಕೋಟದ ಸ್ವಾಮಿಗಳ ಗುಡಿಯ ಸರದಿಯಲ್ಲಿ ನಿಂತವರು ನನ್ನ ಮಾವನಿಗೆ ಕೈ ಮುಗಿದರು. ನಾನೂ ಮುಗಿದೆ. ಎರಡು ವರ್ಷವಾಯಿತು. ಈಗಲೂ ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತಿರುವಾಗ ಅದು ನೆನಪಾಗಿ ಕೈ ನಿಂತುಬಿಡುತ್ತದೆ. ನಾನು ಸೊಲ್ಲಾಪುರದ ಜೂನಿಯರ್ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಇನ್ಸುಲಿನ್ ರಕ್ತದೊಳಗಿನ ಸಕ್ಕರೆಯನ್ನು ಏನು ಮಾಡುತ್ತದೆ ಎಂದು ಪ್ರತಿ ವರ್ಷ ಚಿತ್ರ ಬರೆದು ತೋರಿಸುತ್ತೇನೆ. ಅದೇ ಸಂಗತಿ ಕಣ್ಣೆದುರು ನಡೆಯುತ್ತಿದ್ದಾಗ ಕೈ ಮುಗಿದುಕೊಂಡು ನಿಂತಿದ್ದೆ.

ನಮ್ಮದು ವಿಜಾಪುರ ರಸ್ತೆಯ ಮನೆ. ಮಾವ ಮೊದಲು ಲೂಮು ಓಡಿಸಿ, ಆಮೇಲೆ ಟವೆಲ್ಲು ಚಾದರಗಳ ವ್ಯಾಪಾರಕ್ಕೆ ಬಂದವರು. ಈಗ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರಖಾನೆಯನ್ನು ಭಾವ ನೋಡಿಕೊಳ್ಳುತ್ತಾರೆ. ನನ್ನ ಗಂಡ ನೂಲಿನ ಖರೀದಿಗೆಂದು ಅರ್ಧ ತಿಂಗಳು ಊರಲ್ಲೇ ಇರುವುದಿಲ್ಲ. ಅತ್ತೆ ಹೋಗಿ ಬಹಳ ವರ್ಷಗಳಾದವು. ಮಾವನನ್ನು ನೋಡಿಕೊಳ್ಳಲು ಜನ ಕಡಿಮೆ ಇದ್ದರು ಎಂದು ಯಾರೂ ಹೇಳಲಾರರು. ಬೆಳಿಗ್ಗೆ ಸೂಜಿ ಚುಚ್ಚುವವಳು ಭಾವನ ಹೆಂಡತಿ, ನನ್ನ ನೆಗೆಣ್ಣಿ. ಮಾತ್ರೆ ತಂದುಕೊಡುವವರು ಭಾವ. ಡಾಕ್ಟರ ಹತ್ತಿರ ಕರೆದೊಯ್ಯುವವಳು ನಾನು. ಗುರುವಾರ ಅವರು ದರ್ಶನಕ್ಕೆ ಹೋದಾಗ ಅಕ್ಕಲಕೋಟದಲ್ಲಿರುವ ನಾದಿನಿ. ಎಲ್ಲರಿಗೂ ಅವರ ಮೇಲೆ ಪ್ರೀತಿ ಇತ್ತು. ಒಬ್ಬರಿಗೊಬ್ಬರು ಕೇಳುವ ರೂಢಿ ಮಾತ್ರ ಇರಲಿಲ್ಲ.

ಗುರುವಾರದ ದರ್ಶನವನ್ನು ಮಾವ ಮಳೆಗಾಲವೆನ್ನದೆ ಬಿಸಿಲೆನ್ನದೆ ಮೂವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ಸಾಮಾನ್ಯವಾಗಿ ಅಂಗಡಿಯ ಹಳೆಯ ಆಳೊಬ್ಬರು ಜೊತೆಗೆ ಹೋಗುತ್ತಿದ್ದರು. ಆ ವಾರ ಅವರ ಮನೆಯಲ್ಲಿ ಮದುವೆ, ನನಗೆ ಕಾಲೇಜಿಗೆ ರಜೆ. ಹಾಗಾಗಿ ನಾನು ಹೊರಟೆ.

ಏಳೂವರೆಗೆ ನೆಗೆಣ್ಣಿ ಸೂಜಿ ಚುಚ್ಚಿ ಉಪ್ಪಿಟ್ಟಿನ ತಟ್ಟೆ ತಂದಳು. ಮಾವ ಡಬ್ಬಿಗೆ ಹಾಕಿಕೊಡು, ಮಗಳ ಮನೆಯಲ್ಲಿ ಕೂತು ಉಣ್ಣುತ್ತೇನೆ ಎಂದರು. ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅಕ್ಕಲಕೋಟದಲ್ಲಿ ನಾದಿನಿ ಅವಲಕ್ಕಿ ಒಗ್ಗರಣೆ ಹಾಕಲು ಹೊರಟಾಗ ಅವಳನ್ನು ತಡೆದು, ಮನೆಯಲ್ಲೇ ಉಂಡು ಬಂದಿದ್ದೇನೆ, ನೀರು ಸಾಕು ಎಂದರು. ಡಬ್ಬಿಯನ್ನು ಗುಡಿಯ ಬಾಗಿಲಲ್ಲಿ ಕೂತಿದ್ದ ಒಬ್ಬ ಮುದುಕಿಗೆ ಕೊಟ್ಟುಬಿಟ್ಟರು.

ನಾನು ಮತ್ತೆ ಮತ್ತೆ ತಿರುಗಿ ಹೋಗುವ ಜಾಗ ಇದು. ಎರಡೂ ಮಾತು ನನ್ನ ಕಿವಿಗೇ ಬಿದ್ದಿದ್ದವು. ಒಂದು ಸೊಲ್ಲಾಪುರದಲ್ಲಿ, ಒಂದು ಅಕ್ಕಲಕೋಟದಲ್ಲಿ. ನಡುವೆ ಒಂದೂವರೆ ತಾಸು. ಎರಡನ್ನೂ ಕೂಡಿಸಿ ನೋಡಲಿಲ್ಲ. ನಿಜ ಹೇಳಬೇಕೆಂದರೆ, ಡಬ್ಬಿ ಕೊಟ್ಟಾಗ ಏನೋ ಅನ್ನಿಸಿತ್ತು. ಆದರೆ ದಾನ ಮಾಡುತ್ತಿರುವ ಮಾವನಿಗೆ ಸೊಸೆಯಾದವಳು, ನೀವು ಉಂಡಿಲ್ಲವಲ್ಲ ಎಂದು ಗುಡಿಯ ಬಾಗಿಲಲ್ಲಿ ಕೇಳುವುದು ಹೇಗೆಂದು ಸುಮ್ಮನಾದೆ.

ಸರದಿ ಉದ್ದವಿತ್ತು. ಮಧ್ಯಾಹ್ನದ ಆರತಿಗೆ ಇನ್ನೂ ಒಂದು ತಾಸು. ಮಾವ ಮೊದಲು ಸ್ವಲ್ಪ ತೂಗಾಡಿದರು. ಕಣ್ಣು ಅರ್ಧ ಮುಚ್ಚಿತ್ತು. ಆಮೇಲೆ ಎರಡೂ ಕೈ ಮೇಲೆತ್ತಿ ಏನೇನೋ ಗೊಣಗತೊಡಗಿದರು. ನಡುನಡುವೆ ಸ್ವಾಮಿ, ಸ್ವಾಮಿ ಎಂಬುದಷ್ಟೇ ತಿಳಿಯುತ್ತಿತ್ತು. ಮುಂದಿದ್ದ ಹೆಂಗಸು ತಿರುಗಿ ನೋಡಿ, ‘ಅಂಗಾತ ಆಲಂ’ ಎಂದಳು. ಮೈಮೇಲೆ ಬಂದಿದೆ ಎಂಬುದು ಸರದಿಯುದ್ದಕ್ಕೂ ಹರಡಿತು. ಜನ ಜಾಗ ಬಿಟ್ಟರು. ಒಬ್ಬರು ಕೈಯಲ್ಲಿದ್ದ ಹೂವು ಅವರ ಪಾದದ ಮೇಲೆ ಇಟ್ಟರು. ಮೂವತ್ತು ವರ್ಷದ ಸೇವೆಗೆ ಫಲ ಸಿಕ್ಕಿತು ಎಂದುಕೊಂಡು ನನ್ನ ಕಣ್ಣಲ್ಲೂ ನೀರು ಬಂತು.

ನಮ್ಮ ಹಿಂದೆ ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ ಇದ್ದರು. ಕುರ್ಚಿ ತಳ್ಳುತ್ತಿದ್ದ ಐವತ್ತರ ಆಸುಪಾಸಿನ ಹೆಂಗಸು ಮುಂದೆ ಬಂದು ಮಾವನ ಬೆನ್ನ ಮೇಲೆ ಅಂಗೈ ಇಟ್ಟಳು. ಮಾರ್ಗಶಿರದ ಚಳಿ, ನಾನು ಶಾಲು ಹೊದ್ದಿದ್ದೆ. ಅವಳು ಕೈ ತೆಗೆದು ನನಗೆ ತೋರಿಸಿದಳು. ಅಂಗೈ ಒದ್ದೆಯಾಗಿತ್ತು.

‘ಇವ್ರಿಗೆ ಶುಗರ್ ಐತೇನ್ರಿ?’

ಇದೆ ಎಂದೆ.

‘ಮುಂಜಾನಿ ಸೂಜಿ ಮಾಡ್ಯಾರ?’

ಮಾಡಿದ್ದಾರೆ ಎಂದೆ.

‘ಏನ್ ತಿಂದಾರ?’

ಆಗ ಎರಡೂ ಮಾತು ಕೂಡಿದವು. ಏನೂ ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅಷ್ಟರಲ್ಲಿ ಯಾರೋ ಮಾವನ ತಲೆ ಹಿಂದಕ್ಕೆ ವಾಲಿಸಿ ತೀರ್ಥ ಹಾಕಲು ಬಂದರು. ಆ ಹೆಂಗಸು ಅವರ ಕೈ ಹಿಡಿದು ನಿಲ್ಲಿಸಿದಳು. ಮಾವನನ್ನು ನೆಲದ ಮೇಲೆ ಕೂರಿಸಿ, ಮುಖ ತನ್ನ ಕಡೆ ತಿರುಗಿಸಿಕೊಂಡು, ಅಜ್ಜಾರ, ಉಗುಳು ನುಂಗ್ರಿ ಎಂದು ಎರಡು ಸಲ ಹೇಳಿದಳು. ನುಂಗಿದರು. ನುಂಗುವ ಶಕ್ತಿ ಇದೆಯೆಂದು ಖಾತ್ರಿಯಾದ ಮೇಲೆ ಚೀಲದಿಂದ ಗ್ಲುಕೋಸ್ ಪುಡಿ ತೆಗೆದು ನೀರಿಗೆ ಕಲಸಿ, ಸ್ವಲ್ಪ ಸ್ವಲ್ಪವೇ ಕುಡಿಸಿದಳು. ಹೂವು ಇಟ್ಟವರು ಇವಳೇಕೆ ದೇವರನ್ನು ಇಳಿಸುತ್ತಿದ್ದಾಳೆ ಎಂದು ಗೊಣಗಿದರು. ಅವಳು ತಿರುಗಿಯೂ ನೋಡಲಿಲ್ಲ. ಹತ್ತು ಹದಿನೈದು ನಿಮಿಷಕ್ಕೆ ಮಾವ ನನ್ನನ್ನು ಗುರುತಿಸಿ, ‘ಸಣ್ಣಾಕಿ, ಆರತಿ ಆತೇನು?’ ಎಂದರು.

ನಾನು ಅಳತೊಡಗಿದೆ. ಆ ಹೆಂಗಸು ಅಳಲು ಬಿಡಲಿಲ್ಲ. ‘ಸೂಜಿ ಇನ್ನಾ ಒಳಗ ಕೆಲಸಾ ಮಾಡಾಕತ್ತೈತ್ರಿ. ಮತ್ತ ಇಳೀತೈತಿ. ಈಗಿಂದೀಗ ದವಾಖಾನಿಗೆ ನಡೀರಿ,’ ಎಂದಳು. ಎಷ್ಟು ಯೂನಿಟ್ ಚುಚ್ಚಿದ್ದಾರೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ನನ್ನಿಂದ ನೆಗೆಣ್ಣಿಗೆ ಫೋನು ಮಾಡಿಸಿ, ಹೊತ್ತು ಮತ್ತು ಯೂನಿಟ್ಟು ಎರಡನ್ನೂ ನನ್ನ ಅಂಗೈ ಮೇಲೆ ಬರೆಸಿದಳು. ರಿಕ್ಷಾದವರೆಗೆ ಬಂದಳೇ ಹೊರತು ಹತ್ತಲಿಲ್ಲ. ತಾನು ಕರೆತಂದ ಅಜ್ಜಿ ಕುರ್ಚಿಯಲ್ಲಿ ಕಾಯುತ್ತಿದ್ದಾರೆ, ಅವರನ್ನು ಬಿಟ್ಟು ಬರಲಾಗದು ಎಂದಳು. ಅವಳ ನಂಬರನ್ನು ನಾನೇ ಕೇಳಿ ಪಡೆದೆ. ಮಾವನನ್ನು ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇಟ್ಟುಕೊಂಡರು. ಮಧ್ಯಾಹ್ನ ಸಕ್ಕರೆ ಮತ್ತೊಮ್ಮೆ ಇಳಿಯಿತು.

ಮನೆಯಲ್ಲಿ ಭಾವ ಎರಡು ತೀರ್ಪು ಕೊಟ್ಟರು. ಒಂದು, ಇನ್ನು ಅಕ್ಕಲಕೋಟ ಬಂದ್. ಇನ್ನೊಂದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೆಂಡತಿಯ ಕೈಯಿಂದ ಸೂಜಿಯ ಡಬ್ಬಿ ತೆಗೆದುಕೊಂಡು ತಾವೇ ಚುಚ್ಚತೊಡಗಿದರು. ನೆಗೆಣ್ಣಿ ಆರು ವರ್ಷ ಒಂದು ದಿನ ತಪ್ಪದೆ ಮಾಡಿದ ಕೆಲಸವದು. ಒಲೆಯ ಮುಂದೆ ನಿಂತಾಗ ಅವಳ ಭುಜ ಕುಗ್ಗಿದ್ದು ನನಗೆ ಕಾಣುತ್ತಿತ್ತು. ಮಾವ ಮೂರು ದಿನ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ನಾಲ್ಕನೆಯ ದಿನ, ‘ಗುರುವಾರ ಹೋಗಾಕ ಆಗೂದಿಲ್ಲಂದ್ರ ಈ ಸೂಜಿ ಯಾತರ ಸಲುವಾಗಿ?’ ಎಂದು ಕೈ ಹಿಂದಕ್ಕೆಳೆದುಕೊಂಡರು.

ಆ ಮಾತು ಕೇಳಿದಾಗ ನಿರ್ಧಾರ ಮಾಡಿದೆ. ಅವರು ಗುರುವಾರ ಹೋಗಬೇಕು, ಜೀವಂತ ವಾಪಸು ಬರಬೇಕು. ಇವೆರಡರಲ್ಲಿ ಒಂದನ್ನು ಆರಿಸಲು ನಾನು ಒಪ್ಪುವುದಿಲ್ಲ. ಆ ಹೆಂಗಸಿಗೆ ಫೋನು ಮಾಡಿದೆ.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಸಿಸ್ಟರ್ ಆಗಿದ್ದು ಕೆಲಸ ಬಿಟ್ಟವರು ಅವರು. ಈಗ ಏಳೆಂಟು ಮನೆಗಳ ಹಿರಿಯರ ಜವಾಬ್ದಾರಿ ಹೊತ್ತಿದ್ದರು. ಸೇವೆಯನ್ನು ಮನೆಯವರೇ ಮಾಡಬೇಕು. ಯಾರು ಯಾವಾಗ ಏನು ಮಾಡುತ್ತಾರೆ, ಯಾವ ಡಾಕ್ಟರು ಏನು ಬರೆದಿದ್ದಾರೆ, ಏನು ಬದಲಾಗಿದೆ ಎಂಬುದೆಲ್ಲ ಒಬ್ಬರ ತಲೆಯಲ್ಲಿ ಇರಬೇಕು, ಆ ತಲೆ ತಮ್ಮದು ಎಂದು ತಮ್ಮ ಕೆಲಸವನ್ನು ವಿವರಿಸಿದರು. ಭಾವನಿಗೆ ಸಿಟ್ಟು ಬಂತು. ಮನೆ ತುಂಬ ಮಂದಿ ಇರುವಾಗ ಹೊರಗಿನವರು ಬಂದು ಅಪ್ಪನನ್ನು ನೋಡುವುದೆಂದರೆ ಪೇಟೆಯಲ್ಲಿ ತಲೆ ಎತ್ತುವುದು ಹೇಗೆ ಎಂದರು. ನಾನು ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರಿಗೆ ಎದುರು ಹೇಳಿದೆ: ‘ಮನಿ ತುಂಬ ಮಂದಿ ಇದ್ದಾಗನ ಆಗೈತ್ರಿ ಭಾವಾರ. ನಾ ಬಾಜೂಕ ನಿಂತಿದ್ದೆ.’

ಉತ್ತರ ಮಾವನಿಂದ ಬಂತು. ಮಲಗಿದ್ದಲ್ಲಿಂದಲೇ ಮಗನಿಗೆ ಅಂದರು: ‘ಹತ್ತ ಲೂಮಿಗೆ ಒಬ್ಬಾವ ಇದ್ರ ಎಳಿ ಹರದದ್ದ ಕಾಣತೈತಿ. ಒಂದ ಲೂಮಿಗೆ ಹತ್ತ ಮಂದಿ ನಿಂತ್ರ ಯಾರಿಗೂ ಕಾಣಸೂದಿಲ್ಲ. ಕಾರಖಾನ್ಯಾಗ ಇದನ್ನ ನಾನ ನಿನಗ ಕಲಿಸಿಲ್ಲೇನ?’

ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಬೇಡವೆನ್ನಲಿಲ್ಲ.

ನಾವೆಲ್ಲ ಬಾಯಾರು ಎಂದು ಕರೆಯತೊಡಗಿದ ಆ ಸಿಸ್ಟರ್ ಬಂದ ದಿನ ಮೊದಲು ಅಡುಗೆಮನೆಯಲ್ಲಿ ಕೂತರು. ಮನೆಯಲ್ಲಿದ್ದ ಔಷಧಿಯನ್ನೆಲ್ಲ ತರಿಸಿ ನೆಲದ ಮೇಲೆ ಹರವಿದರು. ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಿನಲ್ಲಿ ಬರೆದ ಒಂದೇ ಮಾತ್ರೆ ಎರಡು ಸಲ ಹೊಟ್ಟೆಗೆ ಹೋಗುತ್ತಿತ್ತು. ಇಬ್ಬರ ಹತ್ತಿರವೂ ಕರೆದೊಯ್ದವಳು ನಾನೇ. ಅವರು ನನ್ನನ್ನು ಬೈಯಲಿಲ್ಲ. ಯಾರೂ ಯಾರನ್ನೂ ಬೈಯಬಾರದು, ಬೈದರೆ ನಾಳೆ ಮುಚ್ಚಿಡುತ್ತಾರೆ ಎಂದರು. ಆಮೇಲೆ ನೆಗೆಣ್ಣಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಸೂಜಿ ಹೇಗೆ ಚುಚ್ಚುತ್ತಿದ್ದೆ ಎಂದು ಮಾಡಿ ತೋರಿಸಲು ಹೇಳಿದರು. ನೋಡಿ, ಕೈ ಚೆನ್ನಾಗಿದೆ, ನಾಳೆಯಿಂದ ನೀನೇ ಮಾಡು ಎಂದರು. ಒಂದೇ ಒಂದು ನಿಯಮ ಸೇರಿಸಿದರು: ಸೂಜಿ ಚುಚ್ಚಿದವರು ತಟ್ಟೆ ಖಾಲಿಯಾಗುವವರೆಗೆ ಎದುರಿನಿಂದ ಏಳಬಾರದು.

ಬಾಯಾರು ಮಾವನ ಮುಂದೆ ಹೋದಾಗ ಮಾವ ಗೋಡೆಯ ಕಡೆ ತಿರುಗಿದ್ದರು.

‘ಬಂದ್ಳು ನೋಡ ಮಾಸ್ತರಬಾಯಿ, ಹಾಜರಿ ತಗೊಳ್ಳಾಕ.’

‘ಹೌದ್ರಿ ಅಜ್ಜಾರ. ನೀವು ಊಟಕ್ಕ ಗೈರಹಾಜರ ಅದೀರಿ ಅಂತ ದೂರು ಬಂದೈತಿ.’

ಮಾವನ ಬೆನ್ನು ಸ್ವಲ್ಪ ಅಲುಗಿತು. ನಕ್ಕಿದ್ದರು. ಬಾಯಾರು ಪಕ್ಕದಲ್ಲಿ ಕೂತು, ಎರಡು ಮನೆಯಲ್ಲಿ ಎರಡು ಮಾತು ಯಾಕೆ ಹೇಳಿದಿರಿ ಎಂದು ಕೇಳಿದರು.

ಬಾಯಿ ಬಿಟ್ಟರೆ ಫಲ ಹೋಗುತ್ತದೆ ಎಂದರು ಮಾವ.

‘ಯಾರ ಸಲುವಾಗಿ, ಏನ ಸಲುವಾಗಿ, ಅದು ನನಗ ಬ್ಯಾಡ್ರಿ. ಅದು ನಿಮ್ಮದು, ಸ್ವಾಮಿಗಳದು. ಎಷ್ಟೊತ್ತ ಹಸದಿರ್ತೀರಿ, ಇನ್ನೆಷ್ಟ ವಾರ ಹಸದಿರ್ತೀರಿ, ಇಷ್ಟ ಹೇಳ್ರಿ. ಅದು ನನ್ನದು.’

ಮಾವ ಹೇಳಿದರು. ಇಪ್ಪತ್ತೊಂದು ಗುರುವಾರದ ಹರಕೆ. ಮಧ್ಯಾಹ್ನದ ಆರತಿಯವರೆಗೆ ನೀರಿನ ಹೊರತು ಏನೂ ಇಲ್ಲ. ಎಚ್ಚರವಿಲ್ಲದಾಗ ಕುಡಿಸಿದ ಗ್ಲುಕೋಸ್ ಲೆಕ್ಕಕ್ಕಿಲ್ಲ ಎಂದು ಆ ದಿನವನ್ನೂ ಸೇರಿಸಿ ಹದಿನೇಳು ಆಗಿದ್ದವು, ನಾಲ್ಕು ಉಳಿದಿದ್ದವು. ಅಂದರೆ ಹದಿನೇಳು ವಾರ ನಾವು ಸೂಜಿ ಚುಚ್ಚಿ ಅವರನ್ನು ಬರಿ ಹೊಟ್ಟೆಯಲ್ಲಿ ಬಸ್ಸಿಗೆ ಹತ್ತಿಸಿದ್ದೆವು.

ಮರುದಿನ ಬಾಯಾರೇ ಜೊತೆಗೆ ಬಂದು ಡಾಕ್ಟರಿಗೆ ಎಲ್ಲವನ್ನೂ ಹೇಳಿದರು. ಡಾಕ್ಟರು ಎರಡು ಸಲ ಬೀಳುತ್ತಿದ್ದ ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಿ, ಸೂಜಿಯ ಪ್ರಮಾಣವನ್ನೂ ಬದಲಿಸಿದರು. ಪ್ರಯಾಣಕ್ಕೆ ಅಡ್ಡಿಯಿಲ್ಲ, ಆದರೆ ಹಸಿವಿಗೆ ಇದೆ ಎಂದರು. ಬೆಳಿಗ್ಗೆ ತಿನ್ನಲೇಬೇಕು. ಮಾವ ಮನೆಗೆ ಬಂದು, ಹಾಗಾದರೆ ಹರಕೆ ಮುರಿದಂತಾಯಿತು, ಮುರಿದ ಹರಕೆ ಹೊತ್ತು ಯಾವ ಮುಖದಿಂದ ದರ್ಶನಕ್ಕೆ ಹೋಗಲಿ, ನೀವೇ ಗೆದ್ದಿರಿ, ನಾನು ಹೋಗುವುದಿಲ್ಲ ಎಂದು ಕೂತರು. ಬಾಯಾರ ಹತ್ತಿರ ಅದಕ್ಕೆ ಔಷಧಿ ಇರಲಿಲ್ಲ.

ನೆಗೆಣ್ಣಿ ರೊಟ್ಟಿ ಬಡಿಯುವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಬಾಗಿಲಲ್ಲಿ ನಿಂತಳು.

‘ಉಳದ ನಾಕ ವಾರ ನಾ ಹಿಡೀತೀನ್ರಿ ಮಾವಾರ. ಮನಿಯಾಗ ಒಬ್ರು ಹಿಡದ್ದ ಇನ್ನೊಬ್ರು ಮುಗಸೂದು ಐತೆಲ್ಲ. ಅತ್ತಿಯವರ ಸೋಮವಾರ ನಾನ ಮುಗಿಸಿಲ್ಲೇನು?’

ಮಾವ ಅವಳ ಕಡೆ ತಿರುಗಿದರು. ಯಾತರ ಸಲುವಾಗಿ ಹರಕೆ ಎಂದು ಕೇಳುವುದಿಲ್ಲವೇ ಎಂದರು. ಕೇಳುವುದಿಲ್ಲ ಎಂದಳು. ಅವರು ದೇವರ ಕೋಣೆಗೆ ಹೋಗಿ ವಿಭೂತಿ ತಂದು ಅವಳ ಹಣೆಗೆ ಹಚ್ಚಿದರು. ನಾನು ಆ ಸಂಜೆಯೇ ಔಷಧಿಯ ಹಾಳೆ ಬರೆದೆ. ಮಾವ ಓದುವುದು ಕನ್ನಡ, ಭಾವ ಮತ್ತು ಮಕ್ಕಳು ಓದುವುದು ಮರಾಠಿ. ಎರಡರಲ್ಲೂ ಬರೆದು ಒಂದನ್ನು ಫ್ರಿಜ್ಜಿಗೆ ಅಂಟಿಸಿ, ಇನ್ನೊಂದನ್ನು ನಾದಿನಿಗೆ ಕಳಿಸಿದೆ.

ಮುಂದಿನ ಗುರುವಾರ ಏಳೂವರೆಗೆ ನೆಗೆಣ್ಣಿ ಸೂಜಿ ಚುಚ್ಚಿ, ಉಪ್ಪಿಟ್ಟಿನ ತಟ್ಟೆ ಇಟ್ಟು ಎದುರಿಗೇ ಕೂತಳು. ಅವಳು ನೀರನ್ನಷ್ಟೇ ಕುಡಿದಿದ್ದಳು. ಮಾವ, ಹಸಿದವಳ ಮುಂದೆ ಉಣ್ಣುವುದು ಹೇಗೆ ಎಂದು ಗೊಣಗಿದರು. ‘ಹಂಗ ಉಣ್ರಿ, ನೋಡಿ ನನಗ ಹೊಟ್ಟಿ ತುಂಬತೈತಿ,’ ಎಂದಳು. ತಟ್ಟೆ ಖಾಲಿಯಾಯಿತು. ಅವಳು ಎದ್ದಳು. ಬಸ್ಸು ಹತ್ತಿದ ಮೇಲೆ ಬಾಯಾರಿಗೆ ನಾನು ಕಳಿಸಿದ್ದು ಒಂದೇ ಸಾಲು: ಉಂಡಾರ.

ಸರದಿ ಅಷ್ಟೇ ಉದ್ದವಿತ್ತು. ನನ್ನ ಚೀಲದಲ್ಲಿ ಗ್ಲುಕೋಸ್ ಪುಡಿ, ಬಾಳೆಹಣ್ಣು, ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ. ಎಲ್ಲಿ ಅವರು ತೂಗಾಡಿದ್ದರೋ ಅಲ್ಲಿಗೆ ಬಂದಾಗ ಅವರ ಹತ್ತಿರಕ್ಕೆ ಸರಿದೆ. ಮಾವ ಕಣ್ಣು ಮುಚ್ಚಿ ಕೈ ಜೋಡಿಸಿದರು. ನಾನು ಜೋಡಿಸಲಿಲ್ಲ. ಅವರ ಬೆನ್ನ ಮೇಲೆ ಅಂಗೈ ಇಟ್ಟೆ. ಸೊಸೆಯಾದವಳು ಮಾವನ ಮೈ ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಹಿಂದಿದ್ದವರು ನೋಡಿದರು.

‘ಏನ ಅದು?’ ಎಂದರು ಮಾವ, ಕಣ್ಣು ತೆರೆಯದೆ.

‘ಏನಿಲ್ರಿ ಮಾವಾರ. ಅಂಗಿ ನೋಡಾಕತ್ತೀನಿ.’

‘ಹೆಂಗೈತಿ?’

‘ಒಣಗೈತ್ರಿ.’

‘ಹಂಗಾದ್ರ ಕೈ ತಗಿ, ಮುಂದ ನಡಿ,’ ಎಂದರು. ನಾನು ಮುಂದೆ ನಡೆದೆ, ಆದರೆ ಕೈ ತೆಗೆಯಲಿಲ್ಲ.