ಕುದಿಸಿದ ಮಣಿಗಳು

ದೆವ್ವ, ಪವಾಡ ಎಂದು ಯಾರಾದರೂ ಶುರುಮಾಡಿದರೆ ನಕ್ಕುಬಿಡುವವನು ನಾನು. ಪ್ರಯೋಗಾಲಯದಲ್ಲಿ ದುಡಿದು ಉಂಡವನು ಹೀಗೊಂದನ್ನು ಬರೆಯುವುದಕ್ಕೆ ನಾಚಿಕೆಯೂ ಆಗುತ್ತದೆ. ನೀವು ನಂಬಲೇಬೇಕೆಂದೇನೂ ಇಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಶಹಾಬಾದಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾನು ಸಹಾಯಕ. ಜೊತೆಗೆ ನಸೀಮಾ ಎಂಬಾಕೆ ಹಂಗಾಮಿ ಕೆಲಸದಲ್ಲಿದ್ದಳು. ದಿನಾ ಚಿತ್ತಾಪುರದಿಂದ ರೈಲಿಗೆ ಬರುತ್ತಿದ್ದಳು. ದಂಡೋತಿಯ ಹೊಳೆದಂಡೆಯ ಮಣ್ಣಿನಿಂದ ಅವಳೊಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದಳು. ಅದನ್ನು ಕಡಲಪಾಚಿಯ ಅಂಟಿನಲ್ಲಿ ಕಲಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಒಂದೊಂದು ಹನಿಯೂ ಬೆಂದ ಸಾಬೂದಾಣಿಯಂತೆ ಮಣಿಯಾಗುತ್ತದೆ. ಒಳಗೆ ಸಿಕ್ಕಿಕೊಂಡ ಜೀವಿಗಳು ಹೊರಗೆ ಬರಲಾರವು, ಆದರೆ ಗಂಜಿಯನ್ನು ಒಡೆಯುವ ಕಿಣ್ವವನ್ನು ಕೊಡುತ್ತಲೇ ಇರುತ್ತವೆ. ಮಣಿ ತುಂಬಿದ ಗಾಜಿನ ಕೊಳವೆಗೆ ಮೇಲಿನಿಂದ ಗಂಜಿ ಹೊಯ್ದರೆ ಕೆಳಗೆ ಸಿಹಿನೀರು ಇಳಿಯುತ್ತಿತ್ತು.

ವರದಿಯಲ್ಲಿ ತಮ್ಮದೊಂದೇ ಹೆಸರಿರಲಿ ಎಂದರು ನಮ್ಮ ಸಾಹೇಬರು. ನಸೀಮಾ ಒಪ್ಪಲಿಲ್ಲ. ಅವಳ ವಿಧಾನವೇ ನಿಷ್ಪ್ರಯೋಜಕ ಎಂದು ಷರಾ ಬರೆದು ಅವಳನ್ನು ಕೆಲಸದಿಂದ ತೆಗೆದರು. ಅದಕ್ಕೆ ಪುರಾವೆ ಬೇಕಲ್ಲ?

"ಆ ಮಣಿ ಕುದಿಸಿ ಕೊಂದುಬಿಡ್ರಿ. ಆಮ್ಯಾಲ ಗಂಜಿ ಹೊಯ್ದು ತೋರಸ್ರಿ, ಏನೂ ಆಗಂಗಿಲ್ಲಂತ" ಎಂದು ನನಗೇ ಹೇಳಿದರು. ಮೈಯೆಲ್ಲ ಉರಿದುಹೋಯಿತು.

ಒತ್ತಡದ ಹಬೆಯಲ್ಲಿ ಮಣಿಗಳನ್ನು ಚೆನ್ನಾಗಿ ಬೇಯಿಸಿದೆ. ಕೆಲವನ್ನು ಒಡೆದು ತಟ್ಟೆಯಲ್ಲಿ ಬೆಳೆಸಲು ನೋಡಿದೆ. ಒಂದು ಜೀವವೂ ಉಳಿದಿರಲಿಲ್ಲ. ಮತ್ತೆ ಕೊಳವೆಗೆ ತುಂಬಿ ಗಂಜಿ ಹೊಯ್ದು, ಕೆಳಗಿಳಿದ ನೀರಿಗೆ ಅಯೋಡಿನ್ ಬಿಟ್ಟೆ. ಗಂಜಿ ಹಾಗೇ ಇದ್ದರೆ ಅದು ನೀಲಿಯಾಗಬೇಕು. ಆಗಲಿಲ್ಲ. ಹೊಸ ಗಂಜಿ ಕಾಯಿಸಿದೆ, ಹೊಸ ಅಯೋಡಿನ್ ತಂದೆ. ಆ ವಾರವಿಡೀ ಅದೇ ಕಥೆ.

ಶಾಖಕ್ಕೆ ಕೆಡದ ಕಿಣ್ವ ಒಂದಿಷ್ಟು ಉಳಿದಿರಬಹುದು ಎನ್ನುತ್ತೀರಿ. ಒಪ್ಪೋಣ. ಆದರೆ ತೊಳೆದಷ್ಟೂ ಅದು ಹರಿದುಹೋಗಬೇಕಲ್ಲ? ಇಲ್ಲಿ ಇಳಿಯುವ ನೀರಿನ ಸಿಹಿ ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋಯಿತು.

ಸಾಹೇಬರು ನಾಚಲಿಲ್ಲ. ಅದನ್ನೇ ತಮ್ಮ ಶೋಧವೆಂದು ಹೈದರಾಬಾದಿನ ಸಭೆಯೊಂದರಲ್ಲಿ ಓದಿ ಬಡ್ತಿ ಪಡೆದರು. ಆಮೇಲೆ ಎಷ್ಟು ಸಲ ಮಣಿ ಮಾಡಿ ಕುದಿಸಿದರೂ ನಮ್ಮಲ್ಲಿ ಯಾರಿಗೂ ಅದು ಮತ್ತೆ ದಕ್ಕಲಿಲ್ಲ. ಏಕೆಂದು ನನಗೆ ಇವತ್ತಿಗೂ ತಿಳಿಯದು.

ಚಿತ್ತಾಪುರಕ್ಕೆ ಹೋಗಿ ನಸೀಮಾಳಿಗೆ ಎಲ್ಲವನ್ನೂ ಹೇಳಿದೆ. ಹೊಲಿಗೆ ಯಂತ್ರದ ಮುಂದೆ ಕೂತಿದ್ದವಳು ದಾರ ಕಡಿದು ನನ್ನ ಮುಖ ನೋಡಿದಳು.

"ಸತ್ತ ಮ್ಯಾಲೂ ದುಡೀಲಿಕತ್ತಾವಾ, ಭಾಯಿ? ನಿಮ್ಮ ಸಾಹೇಬ್ರಿಗೆ ಅಂಥವೇ ಬೇಕಾಗಿದ್ದವು ನೋಡ್ರಿ."