ಸಿದ್ದಯ್ಯನವರಿಗೆ ಓದಿ ಹೇಳಿದ ಪುಟ

ಪುಸ್ತಕದಲ್ಲಿ ಇಲ್ಲದ ಒಂದು ಪುಟವನ್ನು, ಇದೆ ಎಂಬಂತೆ ಸಿದ್ದಯ್ಯನವರಿಗೆ ಓದಿ ಹೇಳಿದ್ದೇನೆ. ಅವರಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಿದ್ದೇ ಓದಿದೆ.

ಎಂ.ಎ. ಮುಗಿದ ಮೇಲೆ ನಾನೊಂದು ಸಣ್ಣ ಪುಸ್ತಕ ಬರೆದೆ — ಹಾಸನದಿಂದ ಹೊಳೆನರಸೀಪುರದ ಕಡೆಗಿದ್ದ ಮೀಟರ್ ಗೇಜ್ ಹಳಿಯ ಮೇಲೆ ಉಗಿಬಂಡಿ ಓಡಿದ ಕೊನೆಯ ದಿನಗಳ ಬಗ್ಗೆ. ನನ್ನ ತಾತ ಆ ಬಂಡಿಯ ಡ್ರೈವರ್. ಕೊನೆಯ ದಿನ, ಬಾಳೆಕಂದು ಕಟ್ಟಿದ ಇಂಜಿನ್ನಿನ ಮುಂದೆ ಹಾರ ಹಾಕಿಸಿಕೊಂಡು ನಿಂತ ಅವರ ಫೋಟೊ ನಮ್ಮ ನಡುಮನೆಯ ಗೋಡೆಯಲ್ಲಿದೆ. ಸಿದ್ದಯ್ಯನವರು ಅವರ ಫೈರ್‌ಮನ್, ಒಲೆಗೆ ಕಲ್ಲಿದ್ದಲು ಎತ್ತಿ ಹಾಕುತ್ತಿದ್ದವರು. ಫೋಟೊದಲ್ಲಿ ಇಲ್ಲ. ಇಂಜಿನ್ನಿನಲ್ಲಿ ಇಬ್ಬರದೂ ಒಂದೇ ನೀರಿನ ಹೂಜಿ. ನಮ್ಮ ಮನೆಗೆ ಬಂದರೆ ಸಿದ್ದಯ್ಯನವರು ಜಗಲಿ ದಾಟುತ್ತಿರಲಿಲ್ಲ.

ಹರದನಹಳ್ಳಿಯ ಅವರ ಮನೆಗೆ ರೆಕಾರ್ಡರ್ ಹಿಡಿದು ಹೋದಾಗ ಹೇಳಿದರು:

“ನಿಮ್ಮ ತಾತಂಗೆ ಕಡೇ ಎರಡು ವರ್ಸ ಸಿಗ್ನಲ್ಲೇ ಕಾಣ್ತಿರ್ಲಿಲ್ಲ ಕಣವ್ವ. ಸಿಗ್ನಲ್ ಕಂಬದ್ ಕೈ ಇಳ್ದೈತೆ ಸಾ, ಕೈ ಎದ್ದೈತೆ ಸಾ ಅಂತ ನಾನೇ ಕೂಗ್ತಿದ್ದೆ. ಕಡೇ ದಿನವಂತೂ ಅವ್ರನ್ನ ಕೂರ್ಸಿ ನಾನೇ ಓಡಿಸ್ಕಂಡ್ ಬಂದೆ. ಸ್ಟೇಷನ್ ಬಂದ್ ಮ್ಯಾಕೆ ಇಂಜಿನ್ ಲಿವರ್ರು ಅವ್ರ ಕೈಗೆ ಕೊಟ್ಟೆ. ಆರ ಆಕೋವಾಗ ಮೆಲ್ಲಗೆ ಕೇಳ್ತಾರೆ — ‘ಸಿದ್ದ, ಎತ್ಲಾಗಿಂದ ಬತ್ತಾವ್ರೆ ಏಳ್ಲಾ, ತಲೆ ಬಗ್ಗುಸ್ಬೇಕು’ ಅಂತ!”

ನಕ್ಕರು. ಆಮೇಲೆ — “ಅವ್ರಿದ್ದಾಗ ಬಾಯಿ ಬಿಡ್ಲಿಲ್ಲ, ಅವ್ರ ಕೆಲ್ಸ ಓಗ್ಬುಡೋದು. ಈಗ ಬರಿಯವ್ವ. ನಾನು ಓಡ್ಸಿದ್ದು ಎಲ್ಲಾದ್ರೂ ಒಂದ್ ಕಡೆ ಇರ್ಲಿ.”

ಬರೆಯಲಿಲ್ಲ. ಆಧಾರ ಸಾಲದು ಎಂದುಕೊಂಡೆ — ಅದೂ ಸುಳ್ಳು. ಅವರ ಉಳಿದ ಮಾತುಗಳಿಗೆಲ್ಲ ಅವರ ನೆನಪೇ ಆಧಾರವಾಗಿತ್ತಲ್ಲ. ಆ ಫೋಟೊದ ಕೆಳಗೆ ಕೂತು ಊಟ ಮಾಡುವ ಮನೆ ನಮ್ಮದು, ಅಷ್ಟೇ. ಪುಸ್ತಕದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸಾಲು: ‘ಕಲ್ಲಿದ್ದಲು ಹಾಕಲು ಒಬ್ಬ ಸಹಾಯಕನಿದ್ದ.’ ಹೆಸರೂ ಇಲ್ಲ.

ಪ್ರತಿ ಕೊಡಲು ಹೋದೆ. ಓದು ಬಲ್ಲವರೇ, ಪೊರೆ ಬಂದ ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿ, ಮರಳಿ ನನ್ನ ಕೈಗೇ ಕೊಟ್ಟರು. “ನನ್ ಪುಟ ಓದವ್ವ.”

ಯಾವುದೋ ಪುಟ ತೆರೆದು ಓದಿದೆ — ಅವರು ಹೇಳಿದ್ದನ್ನೆಲ್ಲ, ನಾನು ಬರೆಯಬೇಕಿದ್ದ ಹಾಗೆ, ಎಲ್ಲೂ ತಡವರಿಸದೆ. ಕೇಳಲೆಂದು ಸೊಸೆಯನ್ನೂ ಕರೆದು, ನನ್ನಿಂದಲೇ ಇನ್ನೊಮ್ಮೆ ಓದಿಸಿದರು. ಎರಡನೆಯ ಸಲ ಕೆಲವು ಮಾತು ಬದಲಾದವು. ಅವರು ತಲೆದೂಗುತ್ತಲೇ ಇದ್ದರು.

ಮೊನ್ನೆ, ಹಾಸನದಲ್ಲಿ ಪೊರೆ ತೆಗೆಸಿಕೊಂಡು ಬಂದವರು ಫೋನ್ ಮಾಡಿದರು. “ಕಣ್ಣು ಚೆನ್ನಾಗ್ ಕಾಣ್ತವೆ ಕಣವ್ವ. ಬುಕ್ಕು ಕೈಲೇ ಐತೆ. ಎಷ್ಟನೇ ಪುಟ?”

“ಆ ಪುಟ ಇಲ್ಲ ತಾತ.”

“ಇರ್ತದೆ, ತಡಿ. ನೀನೇ ಓದಿದ್ಯಲ್ಲ.”

ಒಂದೊಂದೇ ಹಾಳೆ ಮಗುಚುವ ಸದ್ದು ಕೇಳಿಸುತ್ತಿತ್ತು. ಫೋನ್ ಇಟ್ಟುಬಿಡಬಹುದಿತ್ತು —

“ಇಲ್ಲ ತಾತ. ನಾನು ಬರೆದೇ ಇಲ್ಲ,” ಎಂದೆ.

ಸದ್ದು ನಿಂತಿತು.